ಜನವರಿ 28ಕ್ಕೆ ನಿಂತುಹೋಗುವ ಓದು

ಬೈಬಲನ್ನು ಒಂದೇ ವರ್ಷದಲ್ಲಿ ಓದಿ ಮುಗಿಸಲು ಹೊರಟವರನ್ನು ಕಲಬುರಗಿಯ ನಮ್ಮ ಶನಿವಾರದ ಓದಿನ ಗುಂಪಿನಲ್ಲಿ ಒಮ್ಮೆ ಕೇಳಿದೆ: ಎಲ್ಲಿ ನಿಂತಿತು? ಹೆಚ್ಚಿನವರು ಒಂದೇ ಜಾಗ ಹೇಳಿದರು, ಬೈಬಲಿನ ಮೂರನೆಯ ಪುಸ್ತಕವಾದ ಯಾಜಕಕಾಂಡ. ನಾನೂ ಮೂರು ವರ್ಷ ಅಲ್ಲಿಯೇ ಎಡವಿದವನು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. (ಕಥೋಲಿಕ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ ಪಾಲು ಇನ್ನೂ ದೊಡ್ಡದು.) ದಿನಕ್ಕೆ ಮೂರೂಕಾಲು ಅಧ್ಯಾಯ. ಮೊದಲ ಪುಸ್ತಕ ಆದಿಕಾಂಡದ 50 ಅಧ್ಯಾಯಗಳು ಕಥೆಯ ಬಲದಿಂದ ಓಡುತ್ತವೆ. ಯೋಸೇಫನನ್ನು ಅಣ್ಣಂದಿರು ಮಾರುವ ಕಡೆ ಯಾರೂ ಪುಸ್ತಕ ಮುಚ್ಚುವುದಿಲ್ಲ. ಜನವರಿ 23ರ ಹೊತ್ತಿಗೆ ಎರಡನೆಯ ಪುಸ್ತಕ ವಿಮೋಚನಕಾಂಡದ 25ನೇ ಅಧ್ಯಾಯ ಬರುತ್ತದೆ: ದೇವರ ಆರಾಧನೆಯ ಗುಡಾರದ ಅಳತೆ, ಹಲಗೆ, ಪರದೆ, ಕೊಂಡಿ. 28ಕ್ಕೆ ಯಾಜಕಕಾಂಡ. ಮೊದಲ ಏಳು ಅಧ್ಯಾಯ ಬರೀ ಹೋಮ, ಯಜ್ಞಗಳ ವಿಧಿ. ಇಲ್ಲಿ ನಿಂತವರು ತಮ್ಮ ಭಕ್ತಿಯೇ ಸಾಲದು ಎಂದು ಕೊರಗುತ್ತಾರೆ. ನನಗೆ ಅನ್ನಿಸುವುದು, ಅಧ್ಯಾಯ ಎಣಿಸುವ ಅಳತೆಗೋಲೇ ತಪ್ಪು.

ಅಧ್ಯಾಯಗಳನ್ನು ಮೂಲ ಬರಹಗಾರರು ಮಾಡಿದ್ದಲ್ಲ. ಈಗಿನ ವಿಂಗಡಣೆ 13ನೇ ಶತಮಾನದ್ದು. ಯೇಸುವಿನಿಂದ ಆರಂಭವಾಗುವ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ವಚನಗಳಿಗೆ, ಅಂದರೆ ಅಧ್ಯಾಯದೊಳಗಿನ ಪುಟ್ಟ ತುಣುಕುಗಳಿಗೆ, ಈಗಿರುವ ಸಂಖ್ಯೆಗಳನ್ನು ಹಾಕಿದವನು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಹುಡುಕಲು ಅನುಕೂಲ, ಓದಲು ಎಷ್ಟೋ ಕಡೆ ಅಡ್ಡಿ. 117ನೇ ಕೀರ್ತನೆಗೆ ಎರಡೇ ವಚನ, 119ನೆಯದಕ್ಕೆ 176. ಎರಡೂ 'ಒಂದು ಅಧ್ಯಾಯ'! ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದ ಮೊದಲ ವಚನ ನಿಜವಾಗಿ 8ನೆಯದರ ಕೊನೆಯ ಮಾತು. ಆದ್ದರಿಂದ ಪ್ರಸಂಗ ಮುಗಿಯುವವರೆಗೆ ಓದಿ. ಅದು ಹತ್ತು ವಚನವಾದರೂ ಸರಿ, ಎರಡು ಅಧ್ಯಾಯವಾದರೂ ಸರಿ.

ಹಾಗಾದರೆ ಯಾಜಕಕಾಂಡವನ್ನು ಬಿಟ್ಟುಬಿಡುವುದೇ? ಬೇಡ, ಬೇರೆ ಬಾಗಿಲಿನಿಂದ ಹೋಗಿ. ರೂತಳ ಪುಸ್ತಕದಿಂದ ಆರಂಭಿಸಿ; ನಾಲ್ಕೇ ಅಧ್ಯಾಯ, 85 ವಚನ. ಗಂಡನನ್ನು ಕಳೆದುಕೊಂಡ, ಪರದೇಶವಾದ ಮೋವಾಬಿನ ಹೆಣ್ಣು ರೂತಳು ಅತ್ತೆಯ ಜೊತೆ ಬೇತ್ಲೆಹೇಮಿಗೆ ಬರುತ್ತಾಳೆ, ಜವೆಗೋದಿಯ ಸುಗ್ಗಿಯ ಕಾಲ, ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಹಕ್ಕಲು ಎಂದರೇನೆಂದು ನಮ್ಮ ಕಡೆ ಯಾರಿಗೂ ಟಿಪ್ಪಣಿ ಬೇಕಿಲ್ಲ. ಜೋಳದ ಕೊಯ್ಲಾದ ಮೇಲೆ ಉದುರಿದ ತೆನೆ ಆಯಲು ನಮ್ಮ ಅಜ್ಜಿಯೂ ಮಡಿಲು ಕಟ್ಟಿಕೊಂಡು ಹೋಗುತ್ತಿದ್ದರು. ಹೊಲದವರ ಮುಖ ನೋಡಿಯೇ ಒಳಗೆ ಕಾಲಿಡಬೇಕಿತ್ತಂತೆ. ಈಗ ಯಾಜಕಕಾಂಡ 19:9-10 (19ನೇ ಅಧ್ಯಾಯ, 9-10ನೇ ವಚನ) ತೆರೆಯಿರಿ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಹಕ್ಕಲು ಆಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಎನ್ನುತ್ತದೆ. ರೂತಳು ಬಡವಳೂ ಹೌದು, ಪರದೇಶಿಯೂ ಹೌದು. ಅವಳ ಮಡಿಲಿಗೆ ಬಿದ್ದ ಕಾಳು ಈ ವಿಧಿಯಿಂದ ಬಂದದ್ದು. ಆ ಹೊಲದ ಒಡೆಯ ಬೋವಜನಂತೂ ವಿಧಿಗಿಂತ ಮುಂದೆ ಹೋಗಿ, ಸಿವುಡಿನಿಂದಲೇ ತೆನೆ ಎಳೆದು ಅವಳಿಗಾಗಿ ಬಿಡಿ ಎಂದು ಆಳುಗಳಿಗೆ ಹೇಳುತ್ತಾನೆ (ರೂತಳು 2:16). ಇಷ್ಟು ಕಂಡ ಮೇಲೆ ಯಾಜಕಕಾಂಡ ಮೊದಲಿನಷ್ಟು ಒಣಗಿ ಕಾಣುವುದಿಲ್ಲ.

ದಿನದ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಾಗಲೇ ತಪ್ಪದೆ ಮಾಡುವ ಕೆಲಸವೊಂದಕ್ಕೆ ಓದನ್ನು ಕಟ್ಟಿಹಾಕಿ. ನನ್ನದು ಬೆಳಗಿನ ಚಹಾ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮ ಊರಿನವರಿಗೆ ಬಿಸಿಲೇ ಎಬ್ಬಿಸುವುದರಿಂದ ಹೊತ್ತಿಗೆ ಬರವಿಲ್ಲ. ಮೊಬೈಲಿನಲ್ಲಿ ಓದುವವರು ಆ ಇಪ್ಪತ್ತು ನಿಮಿಷ ಇಂಟರ್ನೆಟ್ ಆರಿಸಿಡಿ. ನೋಟ್‌ಬುಕ್ಕಿನಲ್ಲಿ ಮೂರು ಸಾಲು ಸಾಕು: ಯಾರು ಯಾರಿಗೆ ಮಾತಾಡುತ್ತಿದ್ದಾರೆ, ಯಾವ ಮಾತು ಮರುಕಳಿಸುತ್ತದೆ, ನನಗೆ ಅರ್ಥವಾಗದ್ದು ಯಾವುದು. ಮೂರನೆಯ ಸಾಲನ್ನು ಖಾಲಿ ಬಿಡಬೇಡಿ. ಎಲ್ಲವೂ ಅರ್ಥವಾಯಿತು ಎಂದು ಬರೆದ ದಿನ ನಾನು ಸರಿಯಾಗಿ ಓದಿರಲಿಲ್ಲ ಎಂಬುದು ನನ್ನ ಅನುಭವ.

ಒಂದು ದಿನ ತಪ್ಪಿದರೆ? ತಾರೀಖು ಹಾಕಿದ ಪಟ್ಟಿ ಅಂಗಡಿಯ ಉದ್ದರಿ ಪುಸ್ತಕವಿದ್ದಂತೆ. ನಾಲ್ಕು ದಿನದ ಬಾಕಿ ಏರಿದರೆ ಆ ದಾರಿಯಲ್ಲಿ ಓಡಾಡಲೂ ಮುಜುಗರ. ತಾರೀಖು ಹೊಡೆದುಹಾಕಿ, ನಿಂತಲ್ಲಿಂದ ಮುಂದುವರಿಯಿರಿ.

ರೂತಳ ನಂತರ ನಮ್ಮ ಗುಂಪು ಮಾರ್ಕನ ಸುವಾರ್ತೆ ಹಿಡಿದಿದೆ. ಅದರ 8:22ರಿಂದ 10:52ರವರೆಗಿನದು ಒಂದೇ ಭಾಗ. ಆರಂಭದಲ್ಲಿ ಒಬ್ಬ ಕುರುಡನಿಗೆ ಕಣ್ಣು ಬರುತ್ತದೆ, ಆದರೆ ಎರಡು ಕಂತಿನಲ್ಲಿ. ಮೊದಲ ಸಲ ಮನುಷ್ಯರು ನಡೆದಾಡುವ ಮರಗಳಂತೆ ಕಾಣುತ್ತಾರೆ. ಕೊನೆಯಲ್ಲಿ ಇನ್ನೊಬ್ಬ ಕುರುಡ, ಬಾರ್ತಿಮಾಯನಿಗೆ ದೃಷ್ಟಿ. ನಡುವೆ ಯೇಸು ಮೂರು ಸಲ ತನ್ನ ಸಾವಿನ ಮಾತೆತ್ತುತ್ತಾನೆ, ಮೂರು ಸಲವೂ ಶಿಷ್ಯರು ಅರೆಗಣ್ಣಿನವರಂತೆ ಏನೋ ಬೇರೆಯೇ ಹಿಡಿಯುತ್ತಾರೆ. ನಾನು ಇದನ್ನೆಲ್ಲ ಹಲಗೆಯ ಮೇಲೆ ಬರೆದು ಉತ್ಸಾಹದಿಂದ ವಿವರಿಸುತ್ತಿದ್ದಾಗ, ಬೆರಳಿಟ್ಟು ನಿಧಾನವಾಗಿ ಓದುವ ಹಿರಿಯರೊಬ್ಬರು, "ತಮ್ಮಾ, ಬಾರ್ತಿಮಾಯನಿಗೆ ಕೇಳಿದ ಪ್ರಶ್ನೆಯನ್ನು ಯೇಸು ಹೋದ ವಾರವೂ ಕೇಳಿದ್ದನಲ್ಲ?" ಎಂದರು. ಹಾಳೆ ತಿರುಗಿಸಿದೆವು. ಹೌದು, 10:36. ನಿಮಗೆ ಏನು ಮಾಡಬೇಕೆನ್ನುತ್ತೀರಿ ಎಂದು ಶಿಷ್ಯರಾದ ಯಾಕೋಬ, ಯೋಹಾನರನ್ನು ಕೇಳಿದ್ದಾನೆ. ಅವರು ಬಲಕ್ಕೊಂದು, ಎಡಕ್ಕೊಂದು ಪೀಠ ಬೇಡಿದರು. ಹದಿನೈದು ವಚನ ದಾಟಿದ ಮೇಲೆ ಅದೇ ಪ್ರಶ್ನೆಗೆ ಕುರುಡ ಕಣ್ಣು ಬೇಡಿದ. ಅಷ್ಟು ವರ್ಷ ಓದಿಯೂ ನನ್ನ ನೋಟ್‌ಬುಕ್ಕಿನಲ್ಲಿ ಆ ಸಾಲು ಇರಲಿಲ್ಲ.