ಬೆಣಚುಕಲ್ಲಿನೊಳಗಿನ ನೀರು

ಚಿಕ್ಕವರಿದ್ದಾಗ ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಳಕು ನೋಡಿದ್ದು ನೆನಪಿದೆ ಅಲ್ವಾ? ಯಾದಗಿರಿ, ಶಹಾಪುರ ಕಡೆಯ ಗ್ರಾನೈಟ್ ಗುಡ್ಡಗಳಲ್ಲಿ ಬಿಳಿ ಗೆರೆಗಳಾಗಿ ಓಡುವುದೂ ಅದೇ ಬೆಣಚುಕಲ್ಲು. ಅದು ಹಾಲಿನ ಹಾಗೆ ಬೆಳ್ಳಗಿರುವುದಕ್ಕೆ ಮುಖ್ಯ ಕಾರಣ ನೀರು. ಕಲ್ಲು ಬೆಳೆಯುವಾಗ ಒಳಗೆ ಸಿಕ್ಕಿಕೊಂಡ, ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಹನಿಗಳು ಅಲ್ಲಿವೆ.

ಬಂಗಾರದ ಕಥೆ ಹೇಳುವುದು ಈ ಹನಿಗಳೇ.

ಸಾಮಾನ್ಯ ಕಲ್ಲಿನಲ್ಲಿ ಟನ್ನಿಗೆ ಕೆಲವೇ ಮಿಲಿಗ್ರಾಂ ಬಂಗಾರ ಇರುತ್ತದೆ. ಗಣಿ ನಡೆಯಬೇಕಾದರೆ ಟನ್ನಿಗೆ ಕೆಲವು ಗ್ರಾಂ ಆದರೂ ಬೇಕು. ಅಂದರೆ ಸಾವಿರ ಪಟ್ಟು ಜಾಸ್ತಿ. ಹೀಗೆ ಎಲ್ಲೆಲ್ಲಿಂದಲೋ ಬಳಿದು ತಂದು ಒಂದೇ ಕಡೆ ಸುರಿಯುವುದು ಭೂಮಿಯ ಆಳದ ಬಿಸಿನೀರು. ಆ ನೀರಿನಲ್ಲಿ ಗಂಧಕ ಇರುತ್ತದೆ, ಬಂಗಾರ ಅದರ ಜೊತೆ ಕೂಡಿಕೊಂಡು ಕರಗಿ ಮೇಲೆ ಬರುತ್ತದೆ.

ಆ ನೀರು ಬಂದಿದ್ದು ಎಲ್ಲಿಂದ? ಬೆಣಚುಕಲ್ಲಿನ ತೆಳು ಬಿಲ್ಲೆ ಕತ್ತರಿಸಿ, ಹೊಳಪು ಕೊಟ್ಟು, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಹನಿಯೊಳಗೆ ಒಂದು ಪುಟ್ಟ ಗುಳ್ಳೆ, ಕೆಲವೊಮ್ಮೆ ನಡುಗುತ್ತಾ ಓಡಾಡುತ್ತಿರುತ್ತದೆ. ಬಿಲ್ಲೆಯನ್ನು ನಿಧಾನಕ್ಕೆ ಕಾಯಿಸಿದರೆ ಗುಳ್ಳೆ ಸಣ್ಣದಾಗುತ್ತಾ ಮಾಯವಾಗುತ್ತದೆ. ಹನಿ ಸಿಕ್ಕಿಬಿದ್ದಾಗ ಕನಿಷ್ಠ ಅಷ್ಟು ಬಿಸಿಯಾದರೂ ಇತ್ತು ಎಂದು ಗೊತ್ತಾಗುತ್ತದೆ. ಆಮೇಲೆ ಹನಿಯನ್ನು ಹೆಪ್ಪುಗಟ್ಟಿಸಿ ಮತ್ತೆ ಕರಗಲು ಬಿಡುತ್ತಾರೆ. ಐಸು ಸೊನ್ನೆಗಿಂತ ಎಷ್ಟು ಕೆಳಗೆ ಕರಗಿತು ಎನ್ನುವುದರಿಂದ ಉಪ್ಪಿನ ಲೆಕ್ಕ ಸಿಗುತ್ತದೆ. ಮೈನಸ್ 56.6 ಡಿಗ್ರಿಯಲ್ಲಿ ಕರಗುವ ಗಡ್ಡೆ ಕಂಡರೆ ಅದು ಇಂಗಾಲದ ಡೈ ಆಕ್ಸೈಡ್. ನೂರಾರು ಕೋಟಿ ವರ್ಷದ ಹಿಂದಿನ ನೀರು ಕಣ್ಣೆದುರೇ ಹೆಪ್ಪುಗಟ್ಟಿ ಕರಗುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಗ್ರಾನೈಟ್‌ನಲ್ಲಿ ಬಂಗಾರ ಸಿಕ್ಕಿತು ಎಂದ ಕೂಡಲೇ ನೀರು ಕೊಟ್ಟಿದ್ದೂ ಗ್ರಾನೈಟೇ ಎಂದು ಅನಿಸುತ್ತದೆ. ಕೆಲವು ಕಡೆ ಅದು ನಿಜ. ಶಿಲಾಪಾಕ, ಅಂದರೆ ಆಳದಲ್ಲಿ ಕರಗಿದ ಕಲ್ಲು, ಗಟ್ಟಿಯಾಗುತ್ತಾ ಬಂದ ಹಾಗೆ ಹರಳುಗಳಲ್ಲಿ ಹಿಡಿಸದ ನೀರು ಕೊನೆಗೆ ಹೊರಬರುತ್ತದೆ. ಆದರೆ ಇನ್ನೊಂದು ದಾರಿಯೂ ಇದೆ. ಆಳಕ್ಕೆ ಇಳಿದ ಹಳೆಯ ಲಾವಾ ಕಲ್ಲುಗಳು ಸುಮಾರು 500 ಡಿಗ್ರಿ ಕಾದಾಗ ಅವುಗಳ ಖನಿಜಗಳು ಒಡೆದು, ಹರಳಿನಲ್ಲಿ ಬಿಗಿದಿದ್ದ ನೀರು ಬಿಡುಗಡೆಯಾಗುತ್ತದೆ. ಈ ನೀರಿನಲ್ಲಿ ಉಪ್ಪು ಕಮ್ಮಿ, ಇಂಗಾಲದ ಡೈ ಆಕ್ಸೈಡ್ ಚೆನ್ನಾಗಿಯೇ ಇರುತ್ತದೆ. ಕೃಷ್ಣೆಯ ಆಚೆಯ ಹಟ್ಟಿಯಂಥ ಗಣಿಗಳಿಗೆ ಬಹಳ ಮಂದಿ ಒಪ್ಪುವ ವಿವರಣೆ ಇದು. ನಮ್ಮ ಸುರಪುರ ತಾಲೂಕಿನ ಮಂಗಳೂರಿನ ಹಳೆಯ ಬಂಗಾರದ ಗಣಿಯೂ ಅಂಥದ್ದೇ ಹಳೆಯ ಲಾವಾದ ಕಪ್ಪು-ಹಸಿರು ಕಲ್ಲಿನ ಪಟ್ಟಿಯಲ್ಲಿದೆ.

ವಯಸ್ಸೂ ಸಾಕ್ಷಿ ಹೇಳುತ್ತದೆ. ಚೀನಾದ ಜಿಯಾವೊಡಾಂಗ್‌ನಲ್ಲಿ ಬಂಗಾರ ಇರುವುದು ಗ್ರಾನೈಟ್‌ನಲ್ಲೇ. ಬಂಗಾರ ಬಂದಿದ್ದು ಸುಮಾರು 12 ಕೋಟಿ ವರ್ಷದ ಹಿಂದೆ. ಅಲ್ಲಿನ ಕೆಲವು ಗ್ರಾನೈಟ್‌ಗಳ ವಯಸ್ಸು ಸುಮಾರು 16 ಕೋಟಿ ವರ್ಷ. ಯಾವತ್ತೋ ತಣ್ಣಗಾದ ಕಲ್ಲು ನಾಲ್ಕು ಕೋಟಿ ವರ್ಷ ಬಿಟ್ಟು ನೀರು ಕೊಡಲಾರದು. ನೀರು ಇನ್ನೂ ಆಳದಿಂದಲೇ ಬಂದಿರಬೇಕು.

ಹಾಗಾದರೆ ಗ್ರಾನೈಟ್ ಸುಮ್ನೆ ನಿಂತಿತ್ತಾ? ಇಲ್ಲ. ಪದರುಗಲ್ಲನ್ನು ಹಿಂಡಿದರೆ ಬಾಗುತ್ತದೆ, ಗ್ರಾನೈಟ್ ಸೀಳುತ್ತದೆ. ಸೀಳಿದಾಗ ಒತ್ತಡ ಒಮ್ಮೆಲೇ ಇಳಿಯುತ್ತದೆ, ನೀರು ಸೋಡಾ ಬಾಟಲಿಯಂತೆ ಉಕ್ಕುತ್ತದೆ, ಗಂಧಕ ಕೈಬಿಡುತ್ತದೆ, ಬಂಗಾರ ಅಲ್ಲೇ ಉಳಿಯುತ್ತದೆ. ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದ್ದು ಕೂಡ ಇಂಥ ಜಾಗದಲ್ಲೇ: ಬಿರುಕು ಹಾಯ್ದುಹೋದ ಗ್ರಾನೈಟ್‌ನಲ್ಲಿ, ಅದರ ಮೇಲಿನ ಸುಣ್ಣದಕಲ್ಲಿನಲ್ಲಿ.