ರಾಜನಿಗೆ ಸಾಲ ಕೊಟ್ಟವನನ್ನೇ ಸೆರೆಗೆ ತಳ್ಳಿದ ಮಂಡಳಿ

ಪ್ರಶ್ನೆ: ಗೋವಾದ ಇನ್‌ಕ್ವಿಸಿಷನ್ ಬಗ್ಗೆ ಓದುವಾಗಲೆಲ್ಲ ಒಂದು ಅನುಮಾನ ಕಾಡುತ್ತದೆ. ಈ ಧರ್ಮ ವಿಚಾರಣಾ ಮಂಡಳಿ ಪೋರ್ಚುಗಲ್ ರಾಜನ ಕೈಗೊಂಬೆಯಾಗಿತ್ತಲ್ಲವೇ?

ಅಲ್ಲ. ಗೋವಾದ ಮಂಡಳಿ ಪೋರ್ಚುಗಲ್ಲಿನ ಇನ್‌ಕ್ವಿಸಿಷನ್‌ನ ಒಂದು ಶಾಖೆ; ಹಾಗಾಗಿ ಉತ್ತರಕ್ಕೆ ಅಲ್ಲಿನ ಮೂಲ ಮಂಡಳಿಯನ್ನೇ ನೋಡಬೇಕು. ಯುದ್ಧಕಾಲದಲ್ಲಂತೂ ಅದು ರಾಜನ ಕೈಯನ್ನೇ ಕಟ್ಟಿಹಾಕಿತ್ತು.

1640ರ ಡಿಸೆಂಬರ್ 1ರಂದು ಪೋರ್ಚುಗಲ್ ಸ್ಪೇನಿನ ಆಳ್ವಿಕೆಯನ್ನು ಕಿತ್ತೊಗೆದು ನಾಲ್ಕನೆಯ ಜೊವಾಂವ್‌ನನ್ನು ಪಟ್ಟಕ್ಕೆ ಕೂರಿಸಿತು. ಸ್ಪೇನ್ ಜೊತೆಗಿನ ಯುದ್ಧ 1668ರವರೆಗೂ ಎಳೆಯಿತು. ಪಟ್ಟಕ್ಕೇರಿದ ಮರುವರ್ಷ, 1641ರಲ್ಲೇ, ಹೊಸ ದೊರೆಯ ವಿರುದ್ಧ ಸಂಚು ಬಯಲಾದಾಗ ಬಂಧಿತರಾದವರಲ್ಲಿ ಮಂಡಳಿಯ ಮುಖ್ಯಸ್ಥ ಫ್ರಾನ್ಸಿಸ್ಕೊ ದ ಕಾಸ್ತ್ರೊ ಕೂಡ ಇದ್ದ. 1643ರಲ್ಲಿ ಬಿಡುಗಡೆಯಾಗಿ ಅದೇ ಪೀಠಕ್ಕೆ ಮರಳಿದ!

ನಿಜವಾದ ಜಗಳ ಹಣದ್ದು. ಯುದ್ಧಕ್ಕೆ ಸಾಲ ಕೊಡುತ್ತಿದ್ದ ದೊಡ್ಡ ವರ್ತಕರಲ್ಲಿ ಅನೇಕರು 'ಹೊಸ ಕ್ರೈಸ್ತರು', ಅಂದರೆ ಮತಾಂತರಗೊಂಡ ಯೆಹೂದ್ಯರ ವಂಶಸ್ಥರು. ಗುಟ್ಟಾಗಿ ಯೆಹೂದಿ ಆಚರಣೆ ಪಾಲಿಸುತ್ತಾರೆಂದು ಮಂಡಳಿ ಬೇಟೆಯಾಡುತ್ತಿದ್ದದ್ದೂ ಇವರನ್ನೇ. 1647ರ ಡಿಸೆಂಬರ್‌ನಲ್ಲಿ ದುವಾರ್ತೆ ದ ಸಿಲ್ವಾ ಎಂಬ ಲಿಸ್ಬನ್ ವರ್ತಕ ಬಂಧಿತನಾದ. ಬಂಧನವಾದ ಗಳಿಗೆಯಲ್ಲೇ ಆಸ್ತಿ ಮುಟ್ಟುಗೋಲು. ತೀರ್ಪು ಬರಲು ವರ್ಷಗಳು. ಅಲ್ಲಿಯವರೆಗೆ ಅವನಿಂದ ಬರಬೇಕಾದ ಬಾಕಿ ಯಾರಿಗೂ ಇಲ್ಲ. ಹೀಗಾಗಿ ಲಿಸ್ಬನ್‌ನಲ್ಲಿ ಒಬ್ಬನ ಮನೆಗೆ ಬೀಗ ಬಿದ್ದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಪೋರ್ಚುಗೀಸ್ ಹುಂಡಿಗಳ ಮೇಲಿನ ನಂಬಿಕೆಯೇ ಕುಸಿಯುತ್ತಿತ್ತು. ಆ ನಂಬಿಕೆಯ ಮೇಲೆಯೇ ರಾಜನ ಯುದ್ಧ ನಿಂತಿತ್ತು.

ಜೆಸುಯಿಟ್ ಪಾದ್ರಿ ಆಂತೊನಿಯೊ ವಿಯೆಯ್ರಾ ಹೇಳಿದ ದಾರಿಯನ್ನು ರಾಜ ಹಿಡಿದ. 1649ರ ಫೆಬ್ರುವರಿಯ ಆಜ್ಞೆ ಹೊಸ ಕ್ರೈಸ್ತರ ಆಸ್ತಿಗೆ ಮುಟ್ಟುಗೋಲಿನಿಂದ ವಿನಾಯಿತಿ ಕೊಟ್ಟಿತು; ಬದಲಿಗೆ ಅವರ ಬಂಡವಾಳದಿಂದ, ಬ್ರೆಜಿಲ್ ವ್ಯಾಪಾರದ ಹಡಗುಗಳಿಗೆ ಕಾವಲಾಗಿ ಬ್ರೆಜಿಲ್ ಕಂಪನಿ ಹುಟ್ಟಬೇಕು, 36 ಯುದ್ಧನೌಕೆಗಳನ್ನು ಒದಗಿಸಬೇಕು. ಡಚ್ಚರ ವಶದಲ್ಲಿದ್ದ ಬ್ರೆಜಿಲಿನ ಬಂದರು ರೆಸಿಫೆ 1654ರಲ್ಲಿ ಮರಳಿ ಸಿಕ್ಕಿದ್ದು ಈ ಕಂಪನಿಯ ಹಡಗುಗಳು ಸಮುದ್ರದ ಕಡೆಯಿಂದ ಅಡ್ಡಗಟ್ಟಿದ್ದರಿಂದ.

ಮಂಡಳಿ ಸುಮ್ಮನಿರಲಿಲ್ಲ, ರೋಮಿಗೆ ದೂರು ಒಯ್ದಿತು. ಸ್ಪೇನಿನ ಒತ್ತಡಕ್ಕೆ ಮಣಿದು ಜೊವಾಂವ್‌ನನ್ನು ದೊರೆಯೆಂದೇ ಒಪ್ಪದಿದ್ದ ಪೋಪ್, ಆಜ್ಞೆ ಅಸಿಂಧು ಎಂದ. ರಾಜ ಜಗ್ಗಲಿಲ್ಲ. ಆದರೆ ರಾಜ ಕಾಪಾಡಿದ್ದು ಆಸ್ತಿಯನ್ನು ಮಾತ್ರ, ಜೀವವನ್ನಲ್ಲ. ನನಗೆ ಇಡೀ ಕಥೆಯಲ್ಲಿ ಅತ್ಯಂತ ನೋವು ತರುವುದು ಇದೇ. ಪ್ಯಾರಿಸ್ಸಿನಲ್ಲಿ ಈ ರಾಜನ ಪರವಾಗಿ ಬರೆದು ವಾದಿಸಿದ್ದ ಹೊಸ ಕ್ರೈಸ್ತ ಮನುಯೆಲ್ ಫರ್ನಾಂದೆಸ್ ವಿಲಾ ರಿಯಾಲ್‌ನನ್ನು ಮಂಡಳಿ ಮರಣದಂಡನೆಗೆ ಒಪ್ಪಿಸಿತು. ಅಂದು 1652ರ ಡಿಸೆಂಬರ್ 1, ಸ್ವಾತಂತ್ರ್ಯದ ಹನ್ನೆರಡನೆಯ ವರ್ಷದ ದಿನ.

1656ರಲ್ಲಿ ರಾಜ ತೀರಿಕೊಂಡ. ಕೆಲವೇ ತಿಂಗಳಲ್ಲಿ ವಿನಾಯಿತಿ ರದ್ದಾಯಿತು. ಯುದ್ಧ ಇನ್ನೂ ನಡೆಯುತ್ತಿತ್ತು.