ಬೆಲೆ ಚೀಟಿ ಅಂಟಿಸಿದ ಬಟ್ಟೆ ವ್ಯಾಪಾರಿ

ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದವರು ಒಂದು ಸೀರೆ ತಂದರು. ಪಕ್ಕದ ತೋಟದ ಚಿಕ್ಕಮ್ಮನೂ ಅದೇ ಅಂಗಡಿಯಿಂದ ಅಂಥದ್ದೇ ಸೀರೆ ತಂದಿದ್ದರು. ಬಣ್ಣ ಒಂದೇ, ಅಂಚೂ ಒಂದೇ. ಚಿಕ್ಕಮ್ಮ ಕೊಟ್ಟಿದ್ದು 240 ರೂಪಾಯಿ, ಅವ್ವ ಕೊಟ್ಟಿದ್ದು 310. "ಕೇಳೋಕೆ ನಾಚಿಕೆ ಆಯ್ತು" ಅಂದರು ಅವ್ವ. ಸೀರೆಯ ಮೂಲೆಯಲ್ಲಿ ಚಿಕ್ಕದೊಂದು ಚೀಟಿ ಇತ್ತು. ಅದರ ಮೇಲೆ ಅಂಕಿಯೇ ಇಲ್ಲ, ಪೆನ್ಸಿಲಿನಲ್ಲಿ ಬರೆದ ಮೂರು ಅಕ್ಷರ ಅಷ್ಟೇ. ಅದು ಅಸಲಿನ ಲೆಕ್ಕ, ಅಂಗಡಿಯವರಿಗೆ ಮಾತ್ರ ಅರ್ಥವಾಗುವ ಗುಟ್ಟು.

ಈಗ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ದೊಡ್ಡ ಅಂಗಡಿಗೆ ಹೋದರೆ ಬೆಲೆ ಚೀಟಿಯಲ್ಲೇ ಇರುತ್ತದೆ. ಸುಮ್ನೆ ಒಳಗೆ ಹೋಗಿ, ಮುಟ್ಟಿ ನೋಡಿ, ಏನೂ ಕೊಳ್ಳದೆ ಬರಬಹುದು. ನಮಗಿದು ಎಷ್ಟು ಮಾಮೂಲಾಗಿದೆ ಅಂದರೆ, ಯಾರೋ ಒಬ್ಬರು ಇದನ್ನು ಹಟ ಹಿಡಿದು ರೂಢಿಗೆ ತಂದರು ಅನ್ನುವುದೇ ಹೊಳೆಯುವುದಿಲ್ಲ. ಹಾಗೆ ಹಟ ಹಿಡಿದವರಲ್ಲಿ ಮುಖ್ಯನಾದವನು ಅರಿಸ್ಟೀಡ್ ಬೂಸಿಕೊ.

ಅವನು ಹುಟ್ಟಿದ್ದು 1810ರಲ್ಲಿ, ಫ್ರಾನ್ಸಿನ ನಾರ್ಮಂಡಿಯ ಬೆಲ್ಲೆಮ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಟೋಪಿ ಮಾಡಿ ಮಾರುತ್ತಿದ್ದ. ಹುಡುಗ ಊರೂರು ತಿರುಗಿ ಬಟ್ಟೆ ಮಾರುವ ಒಬ್ಬ ವ್ಯಾಪಾರಿಯ ಜೊತೆ ಹೊರಟ. ಸಂತೆಯಿಂದ ಸಂತೆಗೆ ಗಂಟು ಹೊತ್ತು ಹೋಗುವ ಬದುಕು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಪ್ಯಾರಿಸ್‌ಗೆ ಬಂದು 'ಪೆಟಿ ಸೇಂಟ್ ಥಾಮಸ್' ಅನ್ನುವ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಒಂದೇ ಬೆಲೆಯ ಪಾಠ ಅವನಿಗೆ ಸಿಕ್ಕಿದ್ದು ಅಲ್ಲೇ. ಹಾಗಾಗಿ ಇದನ್ನು ಕಂಡುಹಿಡಿದವನೇ ಅವನು ಅನ್ನುವುದು ತಪ್ಪು. ಅದಕ್ಕೂ ಎಷ್ಟೋ ಮುಂಚೆ, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ವ್ಯಾಪಾರಿಗಳು ಚೌಕಾಸಿ ಮಾಡುವುದು ಸುಳ್ಳು ಹೇಳಿದ ಹಾಗೆ ಅಂತ ಒಂದೇ ಬೆಲೆ ಹೇಳುತ್ತಿದ್ದರು.

1852ರಲ್ಲಿ ಬೂಸಿಕೊ 'ಬಾನ್ ಮಾರ್ಶೆ' ಅಂಗಡಿಯಲ್ಲಿ ಪಾಲುದಾರನಾದ. ಹೆಸರಿನ ಅರ್ಥವೇ 'ಅಗ್ಗ' ಅಂತ. ಆಗ ಅಲ್ಲಿದ್ದದ್ದು 12 ಜನ ಕೆಲಸಗಾರರು, ವರ್ಷಕ್ಕೆ ಸುಮಾರು 5 ಲಕ್ಷ ಫ್ರಾಂಕ್ ವ್ಯಾಪಾರ. ಆ ಕಾಲದ ಪ್ಯಾರಿಸ್ಸಿನ ಹಳೆಯ ಅಂಗಡಿಗಳಲ್ಲಿ ಒಳಗೆ ಕಾಲಿಟ್ಟರೆ ಕೊಂಡೇ ಹೋಗಬೇಕು ಅನ್ನುವ ಮುಲಾಜು ಇರುತ್ತಿತ್ತು. ಗಿರಾಕಿಯ ಮುಖ, ಮೈಮೇಲಿನ ಬಟ್ಟೆ ನೋಡಿ ಬೆಲೆ ಹೇಳುತ್ತಿದ್ದರು. ಬೂಸಿಕೊ ಪ್ರತಿ ಸಾಮಾನಿಗೂ ಬೆಲೆ ಬರೆಸಿದ. ಯಾರು ಬೇಕಾದರೂ ಬಂದು ನೋಡಿ ಹೋಗಬಹುದು ಅಂದ. ಮನೆಗೆ ಒಯ್ದ ಮೇಲೆ ಇಷ್ಟವಾಗದಿದ್ದರೆ ವಾಪಸ್ ತನ್ನಿ ಅಂದ.

ಇದರ ಹಿಂದೆ ಗಟ್ಟಿಯಾದ ವ್ಯಾಪಾರದ ಲೆಕ್ಕ ಇತ್ತು. ಒಂದು ಸಾಮಾನಿನ ಮೇಲೆ ಲಾಭ ಕಡಿಮೆ ಇಟ್ಟುಕೋ, ಸರಕು ಬೇಗ ಖಾಲಿ ಮಾಡು, ಆ ದುಡ್ಡಿನಲ್ಲಿ ಮತ್ತೆ ಸರಕು ತುಂಬು. ಚೌಕಾಸಿಗೆ ಕೂತರೆ ಒಬ್ಬ ಗಿರಾಕಿಗೇ ಅರ್ಧ ಗಂಟೆ ಹೋಗುತ್ತದೆ. ಬೆಲೆ ಬರೆದಿದ್ದರೆ ಹೊಸದಾಗಿ ಸೇರಿದ ಹುಡುಗನೂ ಬಿಲ್ ಮಾಡಬಹುದು. ಆದರೂ ಆ ಲೆಕ್ಕದಿಂದ ಜಾಸ್ತಿ ಉಪಕಾರ ಆಗಿದ್ದು ನಮ್ಮ ಅವ್ವನಂಥವರಿಗೆ. ನಾಚಿಕೆಯವರಿಗೂ ಬಾಯಿ ಜೋರಿರುವವರಿಗೂ ಒಂದೇ ಬೆಲೆ ಅಲ್ವಾ?

1863ರಲ್ಲಿ ಹಳೆಯ ಪಾಲುದಾರರು ತಮ್ಮ ಪಾಲು ಬಿಟ್ಟುಕೊಟ್ಟರು. 1869ರಲ್ಲಿ ಹೊಸ ಕಟ್ಟಡಕ್ಕೆ ಕಲ್ಲಿಟ್ಟರು. ಆ ಕಬ್ಬಿಣ-ಗಾಜಿನ ಕಟ್ಟಡ ಬೆಳೆಯುತ್ತಾ ಹೋದಾಗ ಗುಸ್ತಾವ್ ಐಫೆಲ್‌ನ ಕಂಪನಿಯೂ ಅದರಲ್ಲಿ ಕೆಲಸ ಮಾಡಿತು. ಗೋಪುರ ಕಟ್ಟಿದನಲ್ಲ, ಅದೇ ಐಫೆಲ್. ಅದೇ 1869ರಲ್ಲಿ ಪ್ಯಾರಿಸ್ಸಿನ ಅಂಗಡಿ ಕೆಲಸಗಾರರು ಮುಷ್ಕರ ಹೂಡಿದರು. ದಿನಕ್ಕೆ 12 ಗಂಟೆ ಕೆಲಸ ಸಾಕು, ಭಾನುವಾರ ರಜೆ ಕೊಡಿ ಅನ್ನುವುದು ಅವರ ಬೇಡಿಕೆ. ಮುಷ್ಕರ ಸೋತಿತು. ಕಥೆಯ ಈ ಭಾಗವನ್ನು ಬಿಡಬಾರದು. ಗಿರಾಕಿಗೆ ಸಿಕ್ಕ ಮರ್ಯಾದೆ ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ಕೆಲಸಗಾರರಿಗೆ ಅಷ್ಟು ಬೇಗ ಸಿಗಲಿಲ್ಲ. 1876ರಲ್ಲಿ ಬೂಸಿಕೊ ಕೆಲಸಗಾರರಿಗಾಗಿ ಒಂದು ನಿಧಿ ಶುರುಮಾಡಿದ. ಮರುವರ್ಷ ತೀರಿಕೊಂಡ. ಆ ಹೊತ್ತಿಗೆ ವ್ಯಾಪಾರ ಸುಮಾರು 7 ಕೋಟಿ ಫ್ರಾಂಕ್ ಮುಟ್ಟಿತ್ತು.

ಎರಡೇ ವರ್ಷದಲ್ಲಿ ಮಗನೂ ಹೋದ. ಅಂಗಡಿಯ ಭಾರ ಹೆಂಡತಿ ಮಾರ್ಗರಿಟ್ ಮೇಲೆ ಬಿತ್ತು. ಬಡತನದಲ್ಲಿ ಬೆಳೆದ ಹೆಣ್ಣುಮಗಳು ಆಕೆ. 1880ರಲ್ಲಿ ಕೆಲಸಗಾರರನ್ನೇ ಪಾಲುದಾರರನ್ನಾಗಿ ಮಾಡಿದಳು, 1886ರಲ್ಲಿ ಪಿಂಚಣಿ ನಿಧಿ ಇಟ್ಟಳು. 1887ರಲ್ಲಿ ಆಕೆ ತೀರಿಕೊಂಡಾಗ ಆಸ್ತಿಯ ದೊಡ್ಡ ಭಾಗ ಕೆಲಸಗಾರರಿಗೆ ಮತ್ತು ಪ್ಯಾರಿಸ್ಸಿನಲ್ಲಿ ಒಂದು ಆಸ್ಪತ್ರೆಗೆ ಹೋಯಿತು. ನನ್ನ ಕೇಳಿದರೆ, ಈ ಕಥೆಯಲ್ಲಿ ದೊಡ್ಡ ಮನುಷ್ಯಳು ಆಕೆಯೇ.

ನಮ್ಮ ದೇಶದಲ್ಲಿ ಪೊಟ್ಟಣದ ಸಾಮಾನಿನ ಮೇಲೆ ಏನೇನು ಬರೆಯಬೇಕು ಅನ್ನುವ ನಿಯಮ ಬಂದಿದ್ದು 1977ರಲ್ಲಿ. ಎಲ್ಲ ತೆರಿಗೆ ಸೇರಿಸಿದ ಎಂಆರ್‌ಪಿ ಕಡ್ಡಾಯವಾಗಿದ್ದು 1990ರಲ್ಲಿ.

ಆದರೆ ಕೊಡಗಿನವರು ಕೊಳ್ಳುವವರಷ್ಟೇ ಅಲ್ಲ, ಮಾರುವವರು ಕೂಡ. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಕಾಫಿ ಬೋರ್ಡೇ ಮಾರುತ್ತಿದ್ದ 'ಪೂಲ್' ಪದ್ಧತಿ 1996ರಲ್ಲಿ ಪೂರ್ತಿ ಮುಗಿಯಿತು. ಅಂದಿನಿಂದ ಬೆಳೆಗಾರರೆಲ್ಲ ವ್ಯಾಪಾರಿಯ ಎದುರು ನೇರವಾಗಿ ನಿಂತಿದ್ದಾರೆ. ಒಣಗಿದ ರೋಬಸ್ಟಾ ಚೆರಿಗೆ ಬೆಲೆ ಕಟ್ಟುವುದು ಓಟಿ ಲೆಕ್ಕದಲ್ಲಿ. 50 ಕಿಲೋ ಮೂಟೆಯಲ್ಲಿ ಸಿಪ್ಪೆ ಹೋಗಿ ಎಷ್ಟು ಕಿಲೋ ಬೀಜ ಸಿಗುತ್ತದೋ ಅದೇ ಓಟಿ. ಒಂದೆರಡು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವ ನೋಡಿ ಹೇಳುತ್ತಾರೆ. ಒಂದು ಪಾಯಿಂಟ್ ಕಡಿಮೆ ಬಂದರೂ ಪ್ರತಿ ಮೂಟೆಯಲ್ಲೂ ನಷ್ಟ.

ಹೋದ ಫೆಬ್ರವರಿಯಲ್ಲಿ ಕಾಫಿ ಮಾರಲು ಅವ್ವನೂ ನನ್ನ ಜೊತೆ ಬಂದಿದ್ದರು. ಲಾರಿಯಿಂದ ಮೂಟೆ ಇಳಿಸಲು ಹುಡುಗರು ಹತ್ತಿದ್ದರು. ಅವ್ವ ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಅಣ್ಣ, ಓಟಿ ಎಷ್ಟು ಬಂತು, ರೇಟು ಎಷ್ಟು, ಮೊದಲು ಚೀಟಿ ಮೇಲೆ ಬರೆದುಕೊಡಿ" ಅಂದರು. ವ್ಯಾಪಾರಿ ಒಂದು ಗಳಿಗೆ ನೋಡಿದರು. ಪೆನ್ನು ತೆಗೆದು ಬರೆದರು: ಓಟಿ 27, ಪಕ್ಕದಲ್ಲೇ ರೇಟು. ಅವ್ವ ಕನ್ನಡಕ ಹಾಕಿಕೊಂಡು ಓದಿ, ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡರು. "ಈಗ ಇಳಿಸಿ" ಅಂದರು.